ಸೆರೆನಾ ಸರ್ವ್ ಇರೋದು ಎಡಗೈಯಲ್ಲಿ, ಸ್ವಾಮಿ!

ನಮಸ್ಕಾರ, ನಮಸ್ಕಾರ. ಹೋದ ವಿಡಿಯೋ ಕೆಳಗೆ ಅಮೆರಿಕದ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಸರ್ವ್ (ಪಾಯಿಂಟ್ ಶುರು ಮಾಡೋ ಮೊದಲ ಹೊಡೆತ) ಬಗ್ಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಸೆರೆನಾ ಸರ್ವ್‌ಗೆ ಅವಳ ಮೈಕಟ್ಟೇ ಕಾರಣ ಸಾರ್, ಹುಟ್ಟಿನಿಂದ ಬಂದಿದ್ದು. ನಮ್ಮ ಹುಡುಗೀರಿಗೆ ಆಗೋ ಮಾತಲ್ಲ." ಇದಕ್ಕೆ ಲೈಕ್ ಬೇರೆ ಬಿದ್ದಿವೆ!

ನೋಡಿ, ಬಿಳಿ ಹುಡುಗಿ ಗೆದ್ರೆ ಟೆಕ್ನಿಕ್ಕು, ಕಪ್ಪು ಹುಡುಗಿ ಗೆದ್ರೆ ಮೈಕಟ್ಟು. ಸೆರೆನಾ ವಿಲಿಯಮ್ಸ್ 23 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ರೂ ಈ ರಾಗ ನಿಂತಿಲ್ಲ. ನನಗೆ ಆಕೆ ಸ್ಫೂರ್ತಿ ಅಂದ್ರೆ ತೋಳಿಗಲ್ಲ, ಟಾಸ್‌ಗೆ. ಚೆಂಡನ್ನ ಮೇಲಕ್ಕೆ ಬಿಡೋ ಆ ಎಡಗೈಗೆ.

ಮೈಕಟ್ಟು ವಾದಾನೇ ತಗೊಳ್ಳಿ. ವೀನಸ್ ಯಾರು? ಸೆರೆನಾ ಅಕ್ಕ. ಅದೇ ಮನೆ, ಅದೇ ಅಪ್ಪ ರಿಚರ್ಡ್, ಅದೇ ಕಾಂಪ್ಟನ್‌ನ ಸಾರ್ವಜನಿಕ ಕೋರ್ಟು. ಎತ್ತರ 185 ಸೆಂಟಿಮೀಟರ್, ತಂಗಿಗಿಂತ 10 ಜಾಸ್ತಿ. ಗಂಟೆಗೆ 129 ಮೈಲಿ ಸರ್ವ್ ಹೊಡೆದಿದ್ದಾರೆ. ಸೆರೆನಾದು 128.6, 2013ರ ಆಸ್ಟ್ರೇಲಿಯನ್ ಓಪನ್‌ನಲ್ಲಿ. ಅಂದ್ರೆ ವೇಗದಲ್ಲಿ ಅಕ್ಕನೇ ಒಂದು ಕೂದಲು ಮುಂದೆ! ಆದರೂ ಹೆಂಗಸರ ಟೆನಿಸ್‌ನಲ್ಲಿ ಶ್ರೇಷ್ಠ ಸರ್ವ್ ಯಾರದು ಅಂದ್ರೆ ಎಲ್ಲರೂ ತಂಗಿ ಹೆಸರೇ ಹೇಳ್ತಾರೆ. ರಷ್ಯಾದ ಆಟಗಾರ್ತಿ ಶರಪೋವಾ 188 ಸೆಂಟಿಮೀಟರ್. ಸೆರೆನಾ ಎದುರು ಲೆಕ್ಕ? 2 ಗೆಲುವು, 20 ಸೋಲು. ಎತ್ತರ ಏನ್ ಮಾಡ್ತು ಪಾಪ?

ಟಾಸ್, ಸ್ವಾಮಿ, ಟಾಸ್. ಬಲಗೈಯ ಸಾಮಾನ್ಯ ಆಟಗಾರರು ಸ್ಲೈಸ್‌ಗೆ (ಪಕ್ಕಕ್ಕೆ ತಿರುಗೋ ಸರ್ವ್) ಚೆಂಡನ್ನ ಬಲಕ್ಕೆ ಬಿಡ್ತಾರೆ, ಕಿಕ್‌ಗೆ (ಪುಟಿದು ಮೇಲೇಳೋ ಸರ್ವ್) ತಲೆ ಮೇಲಕ್ಕೆ ಬಿಡ್ತಾರೆ. ಎದುರಿನವರು ಅಲ್ಲೇ ಓದಿಬಿಡ್ತಾರೆ. ಸೆರೆನಾ ಟಾಸ್ ನೋಡಿ, ಒಂದೇ ಜಾಗ, ಒಂದೇ ಎತ್ತರ. ನೇರವಾಗಿ ಹೋಗೋ ಫ್ಲ್ಯಾಟೋ, ಸ್ಲೈಸೋ, ಕೋರ್ಟಿನ ನಡುಗೆರೆ ಟಿ ಕಡೆಗೋ, ಅಂಚಿನ ಕಡೆ ವೈಡೋ, ರಾಕೆಟ್ ತಾಗೋವರೆಗೂ ಗೊತ್ತಾಗಲ್ಲ. ತಾಗಿದ ಮೇಲೆ ರಿಸೀವರ್‌ಗೆ ಉಳಿಯೋದು ಅರ್ಧ ಸೆಕೆಂಡಿನ ಆಸುಪಾಸು. 2012ರ ವಿಂಬಲ್ಡನ್‌ನಲ್ಲಿ 102 ಏಸ್, ಅಂದ್ರೆ ಎದುರಿನವರು ಮುಟ್ಟಲೂ ಆಗದ ಸರ್ವ್. ಸೆಮಿಫೈನಲ್‌ನಲ್ಲಿ ಅಜರೆಂಕಾ ಎದುರೇ 24. ಹಿಂದಿನ ವರ್ಷ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದ, ಮೂವತ್ತು ತುಂಬಿದ ಹೆಂಗಸು ಮಾಡಿದ್ದಿದು. ಮೈಕಟ್ಟಂತೆ!

ಸರಿ, ಮಾಡೋದು ಹೇಗೆ? ಚೆಂಡು ಅಂಗೈಲಿ ಕೂರಬಾರದು, ಬೆರಳ ತುದೀಲಿರಬೇಕು. ಮೊಣಕೈ ನೇರ. ಎತ್ತೋದು ಭುಜದಿಂದ, ಮಣಿಕಟ್ಟಿನಿಂದಲ್ಲ. ತುಂಬಿದ ಕಾಫಿ ಲೋಟಾನ ಮೇಲಿನ ಶೆಲ್ಫಲ್ಲಿಡೋ ಹಾಗೆ, ತುಳುಕಬಾರದು. ಕಣ್ಣಿನ ಮಟ್ಟಕ್ಕೆ ಬಂದಾಗ ಎಲ್ಲಾ ಬೆರಳು ಒಟ್ಟಿಗೆ ಬಿಚ್ಚಿ. ಚೆಂಡು ತಿರುಗ್ತಾ ಹೋದ್ರೆ ಮಣಿಕಟ್ಟು ಕೆಲಸ ಮಾಡಿದೆ ಅಂತ. ತಲೆ ಹಿಂದಕ್ಕೆ ಹೋದ್ರೆ ಮೊಣಕೈ ಮಡಚಿದೆ, ಇಲ್ಲಾ ಬಿಡೋದು ತಡವಾಗಿದೆ. ತೀರಾ ಮುಂದಕ್ಕೆ ಹೋದ್ರೆ ಬೇಗ ಬಿಟ್ಟಿದ್ದೀರಿ. ಟಾಸ್ ಚೆನ್ನಾಗಿದ್ದೂ ಚೆಂಡು ನೆಟ್‌ಗೇ ಹೋಗ್ತಿದ್ರೆ ಎಡಗೈ ಬೇಗ ಕೆಳಗಿಳಿಸ್ತಿದ್ದೀರಿ. ಕೈ ಜೊತೆಗೇ ಎದೆ, ತಲೆ ಎಲ್ಲಾ ಇಳೀತವೆ.

ಎತ್ತರ ಎಷ್ಟು? ರಾಕೆಟ್ ಚಾಚಿದಾಗ ಮುಟ್ಟೋ ಜಾಗಕ್ಕಿಂತ ಒಂದಡಿ ಮೇಲೆ, ಸಾಕು. ಒಂದು ಮೀಟರ್ ಕೆಳಗೆ ಬಿದ್ದ ಚೆಂಡಿನ ವೇಗ ಸೆಕೆಂಡಿಗೆ 4.4 ಮೀಟರ್. 30 ಸೆಂಟಿಮೀಟರ್ ಬಿದ್ದದ್ದು 2.4. ಆಕಾಶಕ್ಕೆ ಎಸೆದಷ್ಟೂ ಅದು ರಾಕೆಟ್ ಮುಂದಿಂದ ಬೇಗ ಜಾರಿಹೋಗುತ್ತೆ. ಗಾಳಿಗೆ ಸಿಗೋದು ಬೇರೆ.

ಪರೀಕ್ಷೆಗೆ ದುಡ್ಡೇ ಬೇಡ. ಮುಂದಿನ ಕಾಲಿನ ಬೆರಳ ಎದುರು, ಸ್ವಲ್ಪ ಬಲಕ್ಕೆ ರಾಕೆಟ್ ನೆಲಕ್ಕಿಡಿ. ಟಾಸ್ ಬಿಡಿ, ಹೊಡೀಬೇಡಿ. ಚೆಂಡು ತಂತಿ ಮೇಲೇ ಬೀಳಬೇಕು. 20ಕ್ಕೆ 15 ಬೀಳೋವರೆಗೆ ಹೊಸ ರಾಕೆಟ್ ಕೇಳೋ ಮಗೂಗೆ "ನೋಡೋಣ" ಅನ್ನಿ. ಇನ್ನೊಂದು, ಟಾಸ್ ಕೆಟ್ರೆ ಹಿಡ್ಕೊಳ್ಳಿ! ರಾಕೆಟ್ ಬೀಸದೆ ಹಿಡಿದ್ರೆ ಫಾಲ್ಟ್ (ತಪ್ಪು ಸರ್ವ್) ಅಲ್ಲ. ಬೀಸಿ ತಪ್ಪಿದ್ರೆ ಫಾಲ್ಟ್. ಕೆಟ್ಟ ಟಾಸನ್ನ ನಾಚಿಕೆಗೆ ಹೊಡೆಯೋರೇ ಜಾಸ್ತಿ.

"ಆಕೆ ಅಂಪೈರ್, ಲೈನ್ ಜಡ್ಜ್ ಮೇಲೆ ಕೂಗಾಡಿದ್ಲಲ್ಲ?" ಅಂತ ಬರುತ್ತೆ, ಗೊತ್ತು. ಯುಎಸ್ ಓಪನ್‌ನಲ್ಲಿ 2009ರಲ್ಲಿ ಲೈನ್ ಜಡ್ಜ್ ಮೇಲೆ, 2018ರಲ್ಲಿ ಅಂಪೈರ್ ಮೇಲೆ, ಎರಡೂ ಗೊತ್ತು. ಕೂಗಿದ್ದು ಬಾಯಿ, ನಾನು ಮಾತಾಡ್ತಿರೋದು ಎಡಗೈ. ಮುಂದಿನ ಪ್ರಶ್ನೆ.

"ನಮ್ಮೂರಿಗೂ ಇದಕ್ಕೂ ಏನು?" ಅಯ್ಯೋ, 2008ರಲ್ಲಿ ಬೆಂಗಳೂರು ಓಪನ್ ಗೆದ್ದಿದ್ದೇ ಸೆರೆನಾ ಕಣ್ರೀ! ನಮ್ಮ ಕಬ್ಬನ್ ಪಾರ್ಕ್ ಸ್ಟೇಡಿಯಂನಲ್ಲಿ. ಸೆಮಿಫೈನಲ್ ವೀನಸ್ ಮೇಲೆ, ಮೂರನೇ ಸೆಟ್ ಟೈಬ್ರೇಕ್. ಫೈನಲ್‌ನಲ್ಲಿ ಪ್ಯಾಟಿ ಷ್ನೈಡರ್ ಮೇಲೆ 7-5, 6-3. ಸಮೋಸಾ ತಿನ್ಕೊಂಡು ಸ್ಕೋರ್‌ಬೋರ್ಡ್ ಅಷ್ಟೇ ನೋಡಿ ಬಂದವರಿದ್ರೆ, ಎಡಗೈ ನೋಡಲಿಲ್ಲ ಅಂತ ಹೊಟ್ಟೆ ಉರ್ಕೊಳ್ಳಿ.

ಇಷ್ಟಾದ ಮೇಲೂ ಮೈಕಟ್ಟು ಅಂತೀರಾ? ಅನ್ನಿ. ಟಾಸ್! ಟಾಸ್! ಟಾಸ್! ಇನ್ನೇನೂ ಹೇಳೋದಿಲ್ಲ ನನ್ಹತ್ರ. ಮುಂದಿನ ವಾರ ಕಿಕ್ ಸರ್ವ್, ಬೆನ್ನು ಹಿಡ್ಕೊಳ್ಳದೆ ಹೊಡೆಯೋದು ಹೇಗೆ ಅಂತ. ಸಬ್‌ಸ್ಕ್ರೈಬ್ ಮಾಡದೇ ನೋಡ್ತಿರೋರು ತುಂಬಾ ಜನ ಇದ್ದೀರಿ, ನನಗೆಲ್ಲಾ ಕಾಣ್ಸುತ್ತೆ. ಆ ಗಂಟೆ ಒತ್ತಿ, ಬಲಗೈಲಾದ್ರೂ ಪರವಾಗಿಲ್ಲ.