ಹಳೇ ಬಿಲ್ಡ್ ಸ್ಕ್ರಿಪ್ಟ್ ತೆಗೆಯುವ ಮುಂಚೆ

(ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೊರಗೆ ನಮ್ಮ ಕಲಬುರಗಿ ಬಿಸಿಲು, ಒಳಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಿಕ್ಕಾಗದು. ಅದಕ್ಕೆ ಪ್ರೊಜೆಕ್ಟರ್ ನಂಬದೆ ಬಾಯಲ್ಲೇ ಹೇಳುತ್ತೇನೆ.

ನಾನು ಇಲ್ಲಿನ ದಾಲ್ ಮಿಲ್‌ಗಳಿಗೆ ತೂಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ತೊಗರಿ ಲಾರಿ ಕಾಟಾ ಮೇಲೆ ನಿಲ್ಲುತ್ತದೆ, ತೂಕ ಕಂಪ್ಯೂಟರಿಗೆ ಬರುತ್ತದೆ, ಕನ್ನಡದಲ್ಲಿ ಚೀಟಿ ಬರುತ್ತದೆ. ಮೊದಲು ಅದನ್ನು ಒಂದು ಮೇಕ್‌ಫೈಲ್ (ಮೇಕ್ ಅನ್ನುವ ಟೂಲ್‌ಗೆ ಏನೇನು ಮಾಡಬೇಕು ಅಂತ ಹೇಳುವ ಫೈಲು), ಒಂದು ಶೆಲ್ ಸ್ಕ್ರಿಪ್ಟ್ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲು) ಇಟ್ಟುಕೊಂಡು ಬಿಲ್ಡ್ ಮಾಡುತ್ತಿದ್ದೆವು, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುತ್ತಿದ್ದೆವು. ಆಮೇಲೆ ಬಿಲ್ಡ್ ನೋಡಿಕೊಳ್ಳುವ ಇನ್ನೊಂದು ಟೂಲ್ ಸಿಮೇಕ್‌ಗೆ ಬಂದೆವು. ಹಳೆಯದನ್ನು ತೆಗೆಯಲಿಲ್ಲ. "ಇರಲಿ ಬಿಡ್ರಿ, ಅದೇನು ಅನ್ನ ಕೇಳ್ತದಾ?" ಅಂದವನು ನಾನೇ.

ಹೊಸದಾಗಿ ಸೇರಿದ ಹುಡುಗ ಒಂದು ದಿನ ಆ ಹಳೇ ಸ್ಕ್ರಿಪ್ಟ್ ಓಡಿಸಿದ. ಅದರ ಹೆಸರೇ 'ಬಿಲ್ಡ್' ಅಂತ ಇತ್ತು, ಅವನ ತಪ್ಪೇನು? ಕಂಪೈಲ್ ಆಯಿತು, ಒಂದೂ ಎರರ್ ಇಲ್ಲ. ಆದರೆ ಕ್ವಿಂಟಲ್ ತೋರಿಸುವ ಫ್ಲ್ಯಾಗ್, ಅಂದರೆ ಬಿಲ್ಡ್‌ಗೆ ಕೊಡುವ ಸೂಚನೆ, ಸಿಮೇಕ್ ಫೈಲಿನಲ್ಲಿ ಮಾತ್ರ ಇತ್ತು. ಮರುದಿನ ಮಿಲ್‌ನಿಂದ ಫೋನು: "ಸರ್ರ, ಚೀಟ್ಯಾಗ ಬರೀ ಕಿಲೋ ಬರ್ಲಾಕತ್ತದ, ಕ್ವಿಂಟಲ್ ಎಲ್ಲಿ ಹೋಯ್ತು?"

ಪೂರ್ತಿ ಕೆಟ್ಟ ಸ್ಕ್ರಿಪ್ಟ್ ಆಗಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಅರ್ಧ ಸರಿ ಇದ್ದದ್ದೇ ನಮಗೆ ಮುಳುವಾಯಿತು.

ಹಳೇದು ಅಂದಾಗ ವಯಸ್ಸು ನೋಡಬೇಡಿ. ಮೇಕ್ ಹುಟ್ಟಿದ್ದು 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಇವತ್ತಿಗೂ ದುಡಿಯುತ್ತಿದೆ. ಲಿನಕ್ಸ್‌ನಲ್ಲಿ ಸಿಮೇಕ್ ತಾನಾಗಿ ಬರೆದುಕೊಡುವುದೂ ಮೇಕ್‌ಫೈಲನ್ನೇ. ತಂಡದಲ್ಲಿ ಯಾರೂ ಓಡಿಸದ ಸ್ಕ್ರಿಪ್ಟ್ ಯಾವುದಿದೆಯೋ, ನನ್ನ ಲೆಕ್ಕದಲ್ಲಿ ಹಳೇದು ಅದೇ.

ಸರಿ, ತೆಗೆಯೋಣ ಅಂತ ಕೂತೆವು. ಮೊದಲು ಗಿಟ್ ಗ್ರೆಪ್ (ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಹುಡುಕುವ ಕಮಾಂಡ್) ಹಾಕಿ ಆ ಹೆಸರು ಎಲ್ಲೆಲ್ಲಿದೆ ಅಂತ ಹುಡುಕಿದೆವು. ರೀಡ್‌ಮಿಯಲ್ಲಿ ಒಂದು ಸಾಲು ಸಿಕ್ಕಿತು, ತಿದ್ದಿದೆವು. ಆಮೇಲಿನ ಕೆಲಸವನ್ನು ಜಾಸ್ತಿ ಜನ ಮಾಡುವುದೇ ಇಲ್ಲ. ಎರಡು ಖಾಲಿ ಫೋಲ್ಡರ್ ಮಾಡಿಕೊಂಡು ಒಂದಕ್ಕೆ ಹಳೇ ಸ್ಕ್ರಿಪ್ಟ್‌ನಿಂದ, ಇನ್ನೊಂದಕ್ಕೆ ಸಿಮೇಕ್‌ನಿಂದ ಇನ್‌ಸ್ಟಾಲ್ ಮಾಡಿ, ಎರಡರ ವ್ಯತ್ಯಾಸ ತೋರಿಸುವ ಡಿಫ್ ಹಾಕಿ ನೋಡಿದೆವು. ಹಳೇದರಲ್ಲಿ ಒಂದು ಫೈಲ್ ಜಾಸ್ತಿ ಇತ್ತು: ಕನ್ನಡ ಫಾಂಟ್! ಸ್ಕ್ರಿಪ್ಟಿನ ಕೊನೆಯ ಸಾಲು ಅದನ್ನು ಸದ್ದಿಲ್ಲದೆ ಕಾಪಿ ಮಾಡುತ್ತಿತ್ತು. ಎಲ್ಲಾ ಮಿಲ್‌ಗಳಲ್ಲೂ ಹಿಂದೆ ಹಾಕಿದ ಫಾಂಟ್ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೊಸ ಗಿರಾಕಿ ಬಂದಿದ್ದರೆ ಚೀಟಿ ತುಂಬಾ ಬರೀ ಚೌಕ ಚೌಕ ಬರುತ್ತಿತ್ತು. ಆ ಸಾಲನ್ನು ಸಿಮೇಕ್‌ಗೆ ತಂದೆವು.

ಆಗಲೂ ಅಳಿಸಲಿಲ್ಲ. ಸ್ಕ್ರಿಪ್ಟ್ ಒಳಗಿನದ್ದೆಲ್ಲ ತೆಗೆದು, "ಇನ್ನು ಸಿಮೇಕ್ ಬಳಸಿ" ಅಂತ ಬರೆದು, ಎಕ್ಸಿಟ್ 1, ಅಂದರೆ 'ಕೆಲಸ ಆಗಲಿಲ್ಲ' ಅನ್ನುವ ಸಂಕೇತ, ಹಾಕಿದೆವು. ಸೊನ್ನೆ ಹಾಕಿದರೆ ಓಡಿಸಿದವರು ಎಲ್ಲಾ ಸರಿಯಾಯ್ತು ಅಂದುಕೊಳ್ಳುತ್ತಾರೆ. ಮರುದಿನ ಬೆಳಗ್ಗೆಯೇ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ ಮೇಲ್ ಬಂದಿತ್ತು. ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಮಷೀನು ದಿನಾ ರಾತ್ರಿ ಆ ಸ್ಕ್ರಿಪ್ಟ್ ಓಡಿಸುತ್ತಿತ್ತಂತೆ! ಗಿಟ್ ಗ್ರೆಪ್‌ಗೆ ಅದು ಎಲ್ಲಿಂದ ಸಿಗಬೇಕು?

ದೊಡ್ಡವರೂ ಹೀಗೆ ಸಮಯ ಕೊಟ್ಟೇ ತೆಗೆಯುತ್ತಾರೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೆ ಮೆಸಾನ್ ಅನ್ನುವ ಹೊಸ ಬಿಲ್ಡ್ ಟೂಲ್ ಬಂದದ್ದು 2023ರ 16ನೇ ಆವೃತ್ತಿಯಲ್ಲಿ. ವಿಂಡೋಸ್‌ಗೆಂದೇ ಇಟ್ಟುಕೊಂಡಿದ್ದ ಹಳೇ ಸ್ಕ್ರಿಪ್ಟ್‌ಗಳನ್ನು ಕೈಬಿಟ್ಟದ್ದು 2024ರ 17ರಲ್ಲಿ.

ಹಾಗಂತ ವರ್ಷಗಟ್ಟಲೆ ಎಳೆಯಬೇಡಿ. ಬಿಲ್ಡ್ ಫೈಲುಗಳನ್ನು ಯಾರೂ ಓದುವುದಿಲ್ಲ ಅನ್ನುವುದು ಕಳ್ಳರಿಗೂ ಗೊತ್ತು. 2024ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ಎಕ್ಸ್‌ಝಡ್ ಪ್ರಕರಣ ನೆನಪಿದೆಯಲ್ವಾ? ಫೈಲ್ ಕುಗ್ಗಿಸುವ ಆ ಸಾಫ್ಟ್‌ವೇರ್‌ನಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಕೆಟ್ಟ ಕೋಡಿಗೆ ಬಾಗಿಲು ತೆಗೆದ ಸಾಲು ಎಂ4 ಅನ್ನುವ ಬಗೆಯ ಒಂದು ಬಿಲ್ಡ್ ಫೈಲಿನಲ್ಲಿತ್ತು. ಅದು ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಗೆ ಕಟ್ಟಿಕೊಟ್ಟ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ದೂರದ ಕಂಪ್ಯೂಟರಿಗೆ ಹೋಗುವ ಎಸ್ಎಸ್ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್ ತಲೆ ಕೆಡಿಸಿಕೊಳ್ಳದಿದ್ದರೆ ಇನ್ನೆಷ್ಟು ದಿನ ಅಡಗಿರುತ್ತಿತ್ತೋ.

ಕೊನೆಗೆ ಅಳಿಸಿದೆವು, ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಾಗುವ ಒಂದು ಬದಲಾವಣೆಯಲ್ಲಿ), ಬೇರೆ ಏನನ್ನೂ ಸೇರಿಸದೆ. ಎಡವಟ್ಟಾದರೆ ರಿವರ್ಟ್ ಮಾಡಿ ಹಿಂದಿನಂತೆ ತರಲಿಕ್ಕೆ ಸುಲಭ. ಕೆಲವರು 'ಓಲ್ಡ್' ಅಂತ ಫೋಲ್ಡರ್ ಮಾಡಿ ಅದರಲ್ಲಿ ತುರುಕುತ್ತಾರೆ. ನನಗದು ಹಿಡಿಸುವುದಿಲ್ಲ. ಗಿಟ್ ಇರುವುದೇ ಅದಕ್ಕಲ್ವಾ?

ಈಗ ಲ್ಯಾಬ್‌ಗೆ ನಡೀರಿ. ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ತೆರೆಯಿರಿ. ಸೀನಿಯರ್‌ಗಳಿಂದ ಕಾಪಿ ಹೊಡೆದ ಸ್ಕ್ರಿಪ್ಟ್‌ಗಳು ಅದರಲ್ಲಿ ಎಷ್ಟಿವೆ ಅಂತ ನಾನು ಕೇಳುವುದಿಲ್ಲ, ಡಿಫ್ ಹಾಕಿ ನೀವೇ ನೋಡಿಕೊಳ್ಳಿ.