ಜೋರಾಗಿ ಕೂಗುವ ವಕೀಲರೇ ಬೇಕಾ?

ನಮಸ್ಕಾರ.

ಹೊಸದಾಗಿ ಕೇಸು ತೆಗೆದುಕೊಂಡು ಬರುವವರು ನನ್ನನ್ನು ಮೊದಲು ಕೇಳುವುದು ಫೀಸಿನ ಬಗ್ಗೆ ಅಲ್ಲ. ಕಾನೂನಿನ ಬಗ್ಗೆಯೂ ಅಲ್ಲ. "ಸರ್, ನೀವು ಕೋರ್ಟಲ್ಲಿ ಜೋರಾಗಿ ಮಾತಾಡ್ತೀರಾ?" ಅಂತ ಕೇಳುತ್ತಾರೆ. ಕೆಲವರು ಇನ್ನೂ ನೇರ. "ಆ ಕಡೆ ವಕೀಲರ ಬಾಯಿ ಮುಚ್ಚಿಸಬೇಕು ಸರ್, ಅಷ್ಟೇ" ಅನ್ನುತ್ತಾರೆ.

ಅವರ ಮೇಲೆ ನನಗೆ ಬೇಸರವಿಲ್ಲ. ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಮನುಷ್ಯ ಎಷ್ಟೋ ನೋವು ನುಂಗಿಕೊಂಡಿರುತ್ತಾನೆ. ಅಣ್ಣತಮ್ಮಂದಿರ ಜಗಳ, ಮುರಿದ ಮದುವೆ, ನಂಬಿ ಕೊಟ್ಟ ಹಣ ವಾಪಸ್ ಬಾರದ ಸಂಕಟ. ನನ್ನ ಪರವಾಗಿ ಯಾರಾದರೂ ಒಬ್ಬರು ಗಟ್ಟಿಯಾಗಿ ಕೂಗಲಿ ಅಂತ ಅನ್ನಿಸುವುದು ಸಹಜ ಅಲ್ವಾ?

ಆದರೆ ಇವತ್ತು ನಾನು ಹೇಳಬೇಕಾದದ್ದು ಒಂದೇ. ನಿಮ್ಮ ವಕೀಲರ ಸಭ್ಯತೆಯನ್ನು ಎದುರಿನವರಿಗೆ ತೋರಿಸುವ ದಯೆ ಅಂದುಕೊಳ್ಳಬೇಡಿ. ಅದು ನಿಮ್ಮ ಆಸ್ತಿ. ಅವರು ಅದನ್ನು ಕಳೆದುಕೊಂಡ ದಿನ ನಷ್ಟ ಆಗುವುದು ನಿಮಗೆ.

ಯಾಕೆ ಅಂತ ಹೇಳುತ್ತೇನೆ. ಜಡ್ಜ್ ಮುಂದೆ ಒಂದೇ ದಿನ ಹತ್ತಾರು ಕೇಸು ಬರುತ್ತವೆ. ಪ್ರತಿ ಫೈಲಿನ ಪ್ರತಿ ಪುಟವನ್ನು ಅಲ್ಲೇ ಕೂತು ಓದುವುದು ಯಾರಿಂದಲೂ ಆಗದು. ವಕೀಲರು ಎದ್ದು ನಿಂತು "ಈ ಕರಾರು ಪತ್ರಕ್ಕೆ ಎರಡೂ ಕಡೆಯವರ ಸಹಿ ಇದೆ" ಅನ್ನುತ್ತಾರೆ. ಆ ಮಾತಿಗೆ ಎಷ್ಟು ಬೆಲೆ ಅನ್ನುವುದು, ಹೇಳಿದವರು ಯಾರು ಅನ್ನುವುದರ ಮೇಲೆ ನಿಂತಿರುತ್ತದೆ. ಕೆಲವರು ಹೇಳಿದರೆ ಜಡ್ಜ್ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಕೆಲವರು ಹೇಳಿದರೆ ಕನ್ನಡಕ ಸರಿಮಾಡಿಕೊಂಡು "ಎಲ್ಲಿದೆ, ತೋರಿಸಿ" ಅನ್ನುತ್ತಾರೆ. ಆ ಎರಡನೇ ಥರದವರು ಹಿಂದೆ ಯಾವಾಗಲೋ ಅರ್ಧ ಸತ್ಯ ಹೇಳಿ ಸಿಕ್ಕಿಬಿದ್ದಿರುತ್ತಾರೆ. ಅವತ್ತಿನ ಕೇಸು ಗೆದ್ದಿರಲೂಬಹುದು. ಆದರೆ ಆಮೇಲೆ ಬಂದ ಪ್ರತಿಯೊಬ್ಬ ಕಕ್ಷಿದಾರನೂ ಆ ಸುಳ್ಳಿಗೆ ಬಡ್ಡಿ ಕಟ್ಟುತ್ತಿರುತ್ತಾನೆ. ಪಾಪ, ಅವನಿಗೆ ಅದು ಗೊತ್ತೂ ಇರುವುದಿಲ್ಲ.

2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಪ್ರಯಾಣಿಕರೊಬ್ಬರು ವಿಮಾನ ಕಂಪನಿಯ ಮೇಲೆ ಹಾಕಿದ ದಾವೆ ಅದು. ಅವರ ವಕೀಲರು ಚಾಟ್‌ಜಿಪಿಟಿಯನ್ನು ಕೇಳಿ, ಅದು ತಾನೇ ಹೆಣೆದುಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಹಾಕಿದರು. ಎದುರು ಕಡೆಯವರು "ಈ ತೀರ್ಪುಗಳು ನಮಗೆ ಸಿಗುತ್ತಿಲ್ಲ" ಅಂದರು. ಆ ಹೊತ್ತಿಗೇ "ತಪ್ಪಾಯಿತು" ಅಂದುಬಿಟ್ಟಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಜಡ್ಜ್ ಕೂಡ ತಮ್ಮ ಆದೇಶದಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದರು. ಇವರು ಹಾಗೆ ಮಾಡಲಿಲ್ಲ. ಇಲ್ಲದ ತೀರ್ಪನ್ನೇ ಹಿಡಿದುಕೊಂಡು ವಾದಿಸಿದರು. ಕೊನೆಗೆ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿಸಿ 5,000 ಡಾಲರ್ ದಂಡ ಬಿತ್ತು. ಯಾವ ಜಡ್ಜ್‌ಗಳ ಹೆಸರಿನಲ್ಲಿ ಸುಳ್ಳು ತೀರ್ಪು ತೋರಿಸಿದ್ದರೋ ಅವರಿಗೆಲ್ಲ ಪತ್ರ ಬರೆದು ವಿಷಯ ತಿಳಿಸಬೇಕಾಯಿತು. ತುಂಬ ಜನ ಇದನ್ನು ಕಂಪ್ಯೂಟರ್ ಮಾಡಿದ ಎಡವಟ್ಟು ಅಂತ ಮಾತಾಡಿಕೊಂಡರು. ನನಗೆ ಅದರಲ್ಲಿ ಕಂಡದ್ದು ನಮ್ಮ ವೃತ್ತಿಯ ಹಳೇ ಕಾಯಿಲೆ. ತಪ್ಪು ಕಣ್ಣಿಗೆ ಹೊಡೆದು ಕಾಣುತ್ತಿದ್ದರೂ ಒಪ್ಪಿಕೊಳ್ಳಲು ಬಾಯಿ ಬಾರದಿರುವುದು.

ಒಪ್ಪಿಕೊಂಡರೆ ಏನಾಗುತ್ತದೆ? ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗಿನ ಒಂದು ಪ್ರಸಂಗವಿದೆ. ಅವರೇ ಹೇಳಿಕೊಂಡದ್ದು. ಲೆಕ್ಕಪತ್ರದ ಗೋಜಲಿನ ಕೇಸು. ಕೋರ್ಟು ಅದನ್ನು ಲೆಕ್ಕ ಬಲ್ಲವರಿಗೆ ಒಪ್ಪಿಸಿತ್ತು. ಅವರ ತೀರ್ಮಾನ ಗಾಂಧೀಜಿಯ ಕಕ್ಷಿದಾರನ ಪರವಾಗಿ ಬಂತು. ಆದರೆ ಲೆಕ್ಕದಲ್ಲಿ ಒಂದು ತಪ್ಪು ಉಳಿದಿತ್ತು. ಖರ್ಚಿನ ಕಡೆ ಬರಬೇಕಾದ ಮೊತ್ತ ಜಮೆಯ ಕಡೆ ಸೇರಿತ್ತು. ಎದುರು ಕಡೆಯವರು ತೀರ್ಮಾನವನ್ನು ಪ್ರಶ್ನೆ ಮಾಡಿದ್ದರು ನಿಜ, ಆದರೆ ಬೇರೆ ಕಾರಣಗಳಿಗೆ. ಈ ತಪ್ಪು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಗಾಂಧೀಜಿ ಆ ಕೇಸಿನಲ್ಲಿ ಜೂನಿಯರ್. ಸೀನಿಯರ್ ವಕೀಲರು ಹೇಳಿದ್ದು ಇಷ್ಟು: ನಮ್ಮ ಕಕ್ಷಿದಾರನಿಗೆ ತೊಂದರೆಯಾಗುವುದನ್ನು ನಾವಾಗಿ ಒಪ್ಪಿಕೊಳ್ಳಬೇಕಾಗಿಲ್ಲ, ಒಪ್ಪಿಕೊಂಡರೆ ಇಡೀ ತೀರ್ಮಾನವೇ ರದ್ದಾಗಬಹುದು. ತಪ್ಪು ಮಾತು ಅಂತ ನಾವು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಇವತ್ತೂ ಎಷ್ಟೋ ಸೀನಿಯರ್‌ಗಳು ಇದನ್ನೇ ಹೇಳುತ್ತಾರೆ. ಗಾಂಧೀಜಿ ಒಪ್ಪಲಿಲ್ಲ. ತಪ್ಪು ಹೇಳದೆ ವಾದ ಮಾಡುವುದಾದರೆ ಈ ಕೇಸೇ ನನಗೆ ಬೇಡ ಅಂದರು. ಹಾಗಾದರೆ ನಾನು ವಾದ ಮಾಡುವುದಿಲ್ಲ ಅಂದರು ಸೀನಿಯರ್. ಉಳಿದದ್ದು ಕಕ್ಷಿದಾರ. ಸೋತರೆ ಹಣ ಹೋಗುವುದು ಅವನದು. ಅವನು ಸ್ವಲ್ಪ ತಬ್ಬಿಬ್ಬಾದ. ಆಮೇಲೆ, ನೀವೇ ವಾದ ಮಾಡಿ, ತಪ್ಪನ್ನು ಒಪ್ಪಿಕೊಳ್ಳಿ, ಸೋಲುವುದೇ ನಮ್ಮ ಹಣೆಯಲ್ಲಿ ಬರೆದಿದ್ದರೆ ಸೋಲೋಣ ಅಂದ.

ಕೋರ್ಟಿನಲ್ಲಿ ಗಾಂಧೀಜಿ ನಡುಗುತ್ತಲೇ ಎದ್ದು ನಿಂತರು. ತಪ್ಪಿನ ವಿಷಯ ಎತ್ತುತ್ತಿದ್ದಂತೆ ಜಡ್ಜ್ ಒಬ್ಬರು, ಇದು ಕುಯುಕ್ತಿ ಅಲ್ಲವೇ ಅಂತ ಕೇಳಿದರು. ನೋಡಿ, ಸತ್ಯ ಹೇಳಲು ಹೊರಟವರಿಗೇ ಈ ಮಾತು! ಒಳಗೆ ಕುದಿದರೂ ಅವರು ದನಿ ಏರಿಸಲಿಲ್ಲ. ಸಮಾಧಾನವಾಗಿ ವಿವರಿಸಿದರು. ಜಡ್ಜ್‌ಗಳಿಗೆ ಅದು ಕೈತಪ್ಪಿ ಆದ ತಪ್ಪು ಅಂತ ಮನವರಿಕೆಯಾಯಿತು. ಎದುರು ವಕೀಲರಿಗೆ ಅದರ ಲಾಭ ಪಡೆಯಲು ಆಗಲಿಲ್ಲ. ತಪ್ಪನ್ನು ತಿದ್ದಿ, ತೀರ್ಮಾನವನ್ನು ಕೋರ್ಟು ಎತ್ತಿಹಿಡಿಯಿತು.

ಈ ಕಥೆ ಹೇಳಿದಾಗಲೆಲ್ಲ ಜನ ಗಾಂಧೀಜಿಯನ್ನು ಮೆಚ್ಚುತ್ತಾರೆ. ನನ್ನ ಮನಸ್ಸು ಮಾತ್ರ ಆ ಕಕ್ಷಿದಾರನ ಕಡೆಗೆ ಹೋಗುತ್ತದೆ. ಅಂಥ ಕಕ್ಷಿದಾರ ಇದ್ದದ್ದರಿಂದಲೇ ಅಂಥ ವಕೀಲಿ ಸಾಧ್ಯವಾಯಿತು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ವರ್ಷಗಳ ಹಿಂದಿನದು. ಇನ್ನೂ ನನ್ನನ್ನು ಬಿಟ್ಟಿಲ್ಲ.

ನಾನು ಪ್ರತಿವಾದಿ ಪರ. ವಾದಿ ಒಬ್ಬ ಅಜ್ಜ. ಸಾಕ್ಷಿ ಹೇಳಲು ಕಟಕಟೆ ಹತ್ತಿದರು. ಬಲಗಿವಿ ಮಂದ ಅಂತ ನನಗೆ ಗೊತ್ತಿತ್ತು, ಪ್ರತಿ ಪ್ರಶ್ನೆಗೂ ಎಡಗಿವಿ ಮುಂದೆ ಮಾಡುತ್ತಿದ್ದರು. ಪಾಟೀಸವಾಲಿನಲ್ಲಿ ನಾನು ಬೇಕಂತಲೇ ಬೇಗ ಬೇಗ ಕೇಳಿದೆ. ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಪೋಣಿಸಿದೆ. ಸ್ವಲ್ಪ ದನಿಯನ್ನೂ ಏರಿಸಿದೆ. ಅಜ್ಜ ಹೆದರಿ, ಕೇಳಿಸಿತೋ ಇಲ್ಲವೋ, "ಹೌದು ಸ್ವಾಮಿ" ಅಂದುಬಿಟ್ಟರು. ನನಗೆ ಬೇಕಾಗಿದ್ದ ಹೌದು ಅದೇ. ದಾಖಲಾಯಿತು. ಅವರ ಪರ ಇದ್ದ ಹುಡುಗ ಆಗಷ್ಟೇ ವೃತ್ತಿಗೆ ಬಂದವನು, ತಕರಾರು ಎತ್ತಲಿಲ್ಲ. ನನ್ನ ಕಕ್ಷಿದಾರ ಹೊರಗೆ ಬಂದು ಬೆನ್ನು ತಟ್ಟಿದ. "ಸೂಪರ್ ಸರ್" ಅಂದ.

ಕಾರಿಡಾರಿನಲ್ಲಿ ನಾನು ಫೈಲು ಕಟ್ಟುತ್ತಿದ್ದೆ. ಆ ಅಜ್ಜ ನನ್ನ ಹತ್ತಿರವೇ ಬಂದರು. ಕೈಯಲ್ಲಿ ಟವೆಲು ಮಡಚಿ ಹಿಡಿದಿದ್ದರು. "ಸ್ವಾಮಿ, ನಾನು ಏನು ಹೇಳ್ದೆ ಅಂತ ಬರ್ಕೊಂಡ್ರು?" ಅಂತ ಕೇಳಿದರು.

ಅವರಿಗೆ ಕೋಪ ಇರಲಿಲ್ಲ. ಕರಿ ಕೋಟು ಹಾಕಿದವರಿಗೆಲ್ಲ ಗೊತ್ತಿರುತ್ತದೆ ಅಂದುಕೊಂಡು ಕೇಳಿದ್ದರು. ನಾನು, "ಅಜ್ಜಾ, ನಿಮ್ಮ ವಕೀಲರನ್ನ ಕೇಳಿ, ನಾನು ನಿಮ್ ಜೊತೆ ಮಾತಾಡೋ ಹಾಗಿಲ್ಲ" ಅಂದೆ. ನಿಯಮದ ಪ್ರಕಾರ ಅದು ಸರಿ. ಎದುರು ಕಕ್ಷಿದಾರರ ಜೊತೆ, ಅವರ ವಕೀಲರನ್ನು ಬಿಟ್ಟು, ನಾವು ಕೇಸಿನ ಮಾತಾಡಬಾರದು. ಒಳ್ಳೆಯ ನಿಯಮ, ಬಡಪಾಯಿಗಳನ್ನು ಕಾಪಾಡಲಿಕ್ಕೆ ಅಂತಲೇ ಮಾಡಿದ್ದು. ಅವತ್ತು ನಾನು ಅದರ ಹಿಂದೆ ಬಚ್ಚಿಟ್ಟುಕೊಂಡೆ. ಹತ್ತು ನಿಮಿಷದ ಹಿಂದೆ ಅದೇ ಮನುಷ್ಯನ ಕಿವುಡನ್ನು ಬಂಡವಾಳ ಮಾಡಿಕೊಂಡಿದ್ದವನಿಗೆ, ಕಾರಿಡಾರಿಗೆ ಬಂದ ಮೇಲೆ ನಿಯಮ ನೆನಪಾಯಿತು.

ನಾನು ಸುಳ್ಳು ಹೇಳಿರಲಿಲ್ಲ. ಯಾವ ನಿಯಮವನ್ನೂ ಮುರಿದಿದ್ದೇನೆ ಅಂತ ಯಾರೂ ತೋರಿಸಲು ಆಗುತ್ತಿರಲಿಲ್ಲ. ಅದಕ್ಕೇ ನನಗೆ ಬರೀ ನಿಯಮಗಳ ಮೇಲೆ ಪೂರ್ತಿ ನಂಬಿಕೆ ಬರುವುದಿಲ್ಲ.

ಹಾಗಂತ ನಿಯಮ ಬೇಡ ಅನ್ನುತ್ತಿಲ್ಲ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯ 2003ರಲ್ಲಿ ವಕೀಲರ ಪ್ರಮಾಣವಚನಕ್ಕೇ ಒಂದು ಮಾತು ಸೇರಿಸಿತು. ಎದುರು ಕಕ್ಷಿದಾರರ ಜೊತೆ, ಅವರ ವಕೀಲರ ಜೊತೆ ನ್ಯಾಯವಾಗಿ, ಪ್ರಾಮಾಣಿಕವಾಗಿ, ಸಭ್ಯವಾಗಿ ನಡೆದುಕೊಳ್ಳುತ್ತೇನೆ, ಕೋರ್ಟಿನಲ್ಲಷ್ಟೇ ಅಲ್ಲ, ಬರೆಯುವ ಮತ್ತು ಆಡುವ ಎಲ್ಲ ಮಾತಿನಲ್ಲೂ ಅಂತ. 2011ರಲ್ಲಿ ಫ್ಲಾರಿಡಾ ಕೂಡ ಅದೇ ದಾರಿ ಹಿಡಿಯಿತು. ಬರೆಯುವ ಮಾತು ಅಂದದ್ದು ನನಗೆ ಇಷ್ಟವಾಯಿತು. ಜಾಸ್ತಿ ವಿಷ ಇರುವುದು ಅಲ್ಲೇ. ಕೋರ್ಟಿನಲ್ಲಿ ಜಡ್ಜ್ ನೋಡುತ್ತಿರುತ್ತಾರೆ, ನಾಲಿಗೆ ಹಿಡಿತದಲ್ಲಿರುತ್ತದೆ. ರಾತ್ರಿ ಹನ್ನೊಂದಕ್ಕೆ ಕಳಿಸುವ ಇಮೇಲಿನಲ್ಲಿ ಹಾಗಿಲ್ಲ. ಒಂದು ದಾಖಲೆ ಕೇಳಿ ಎರಡು ಸಾಲು ಬರೆದರೆ ಸಾಕಾಗಿರುತ್ತದೆ. ಮೂರು ಪುಟ ಬೈಗುಳ ಹೋಗುತ್ತದೆ, ಆ ಕಡೆಯಿಂದ ನಾಲ್ಕು ಪುಟ ಬರುತ್ತದೆ. ದಾಖಲೆ ಮಾತ್ರ ಅಲ್ಲೇ ಇರುತ್ತದೆ. ಎದುರು ವಕೀಲರ ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಒಂದು ವಾಯಿದೆ ಕೇಳುತ್ತಾರೆ. ಕೊಡುವುದಿಲ್ಲ ಅಂತ ಹಟ ಹಿಡಿದರೆ, ಮುಂದೆ ನಮಗೆ ಬೇಕಾದಾಗ ಅವರೂ ಕೊಡುವುದಿಲ್ಲ. ಇಬ್ಬರು ವಕೀಲರ ಸಿಟ್ಟಿನ ಬಿಲ್ಲು ಎರಡೂ ಕಡೆಯ ಕಕ್ಷಿದಾರರ ಮನೆಗೆ ಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಸಭ್ಯತೆ ಅನ್ನುವ ಮಾತನ್ನೇ ಬಾಯಿ ಮುಚ್ಚಿಸಲು ಬಳಸುವವರು ಇದ್ದಾರೆ. ಜೂನಿಯರ್ ಹುಡುಗಿ ನ್ಯಾಯವಾದ ತಕರಾರು ಎತ್ತಿದರೆ "ಸ್ವಲ್ಪ ಮೆತ್ತಗೆ ಮಾತಾಡಮ್ಮ" ಅನ್ನುತ್ತಾರೆ. ಅದೇ ದನಿಯಲ್ಲಿ ಸೀನಿಯರ್ ಮಾತಾಡಿದರೆ ಅದು ಧೈರ್ಯ.

ಕೆನಡಾದಲ್ಲಿ ಇಂಥದ್ದೇ ಒಂದು ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಣಿ ಕಂಪನಿಯೊಂದರ ಹಗರಣದ ಕೇಸು. ಆರೋಪಿ ಪರ ವಕೀಲರು ಸರ್ಕಾರಿ ಕಡೆಯ ವಕೀಲರ ಮೇಲೆ ಪದೇ ಪದೇ ಖಾರವಾದ ಆರೋಪ ಮಾಡಿದರು. ಕಕ್ಷಿದಾರ ಖುಲಾಸೆ ಆದ. ಆದರೆ ವಕೀಲರ ಸಂಘ ಇವರ ಅಸಭ್ಯತೆಯನ್ನೇ ದುರ್ನಡತೆ ಅಂತ ತೀರ್ಮಾನಿಸಿ ಒಂದು ತಿಂಗಳು ಅಮಾನತು ಮಾಡಿತು, 2 ಲಕ್ಷ ಡಾಲರ್ ಖರ್ಚನ್ನೂ ಹೇರಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಸಭ್ಯತೆ ಬೇಕೇ ಬೇಕು, ಆದರೆ ವಿಚಾರಣೆ ಅಂದರೆ ಚಹಾಕೂಟ ಅಲ್ಲ ಅಂದಿತು. ಆ ವಕೀಲರ ಕಾನೂನಿನ ತಿಳಿವಳಿಕೆ ತಪ್ಪಾಗಿತ್ತು, ಆದರೂ ಅವರು ಪ್ರಾಮಾಣಿಕವಾಗಿ ನಂಬಿ, ಆಧಾರ ಇಟ್ಟುಕೊಂಡು ಮಾತಾಡಿದ್ದರು ಅನ್ನುವುದು ಕೋರ್ಟಿನ ಲೆಕ್ಕ.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಎದುರು ವಕೀಲರು ದಾಖಲೆ ಮುಚ್ಚಿಟ್ಟಿದ್ದಾರೆ ಅಂತ ಆಧಾರ ಇದ್ದರೆ ಎದ್ದು ನಿಂತು ಹೇಳಲೇಬೇಕು. ಹೇಳದಿರುವುದೇ ಆಗ ತಪ್ಪು. ಜಡ್ಜ್ ಮುಖ ಗಂಟಿಕ್ಕಿದರೂ ಹೇಳಬೇಕು. ಆಧಾರ ಇಲ್ಲದೆ, ಸುಮ್ನೆ ಎದುರಿನವರನ್ನು ಕೆರಳಿಸಲು ಆಡುವ ಮಾತಿಗೂ ಅದಕ್ಕೂ ಇರುವ ವ್ಯತ್ಯಾಸ, ಹತ್ತು ದಿನ ಕೋರ್ಟಿನಲ್ಲಿ ಕೂತವರಿಗೆ ತಾನಾಗಿ ತಿಳಿಯುತ್ತದೆ.

ಇನ್ನೊಂದು ಮಾತು, ಚಿಕ್ಕದು. ಯಾರೋ ಒಬ್ಬರ ಪರ ವಕಾಲತ್ತು ಹಾಕಿದ್ದಕ್ಕೆ ವಕೀಲರನ್ನೇ ಅಪರಾಧಿ ಥರ ನೋಡುವುದು ನಿಲ್ಲಬೇಕು. ವಕೀಲರ ಪಾತ್ರದ ಬಗ್ಗೆ ವಿಶ್ವಸಂಸ್ಥೆಯ ತತ್ವಗಳು 1990ರಲ್ಲಿ ಹವಾನಾದಲ್ಲಿ ಒಪ್ಪಿತವಾದವು. ಕೆಲಸ ಮಾಡಿದ ಮಾತ್ರಕ್ಕೆ ವಕೀಲರನ್ನು ಅವರ ಕಕ್ಷಿದಾರರ ಜೊತೆ ಗುರುತಿಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹೊರಗಿನವರು ಮರೆತರೆ ಬೇಸರ. ನಾವು ವಕೀಲರೇ ಮರೆತು ಎದುರು ವಕೀಲರಿಗೆ "ನಿಮ್ಮಂಥವರಿಂದಲೇ" ಅಂತ ಶುರು ಮಾಡಿದರೆ ಹೇಗೆ?

ಹಾಗಾಗಿ ಮುಂದಿನ ಸಲ ವಕೀಲರನ್ನು ಹುಡುಕಿಕೊಂಡು ಹೋದಾಗ, ಜೋರಾಗಿ ಮಾತಾಡ್ತೀರಾ ಅಂತ ಕೇಳಬೇಡಿ. "ನನ್ನ ಕೇಸಲ್ಲಿ ಎಲ್ಲಿ ಹುಳುಕಿದೆ ಸರ್?" ಅಂತ ಕೇಳಿ. ಹುಳುಕು ಇದೆ ಅಂತ ನಿಮ್ಮ ಮುಖ ನೋಡಿಕೊಂಡೇ ಹೇಳುವವರು ಸಿಕ್ಕರೆ ಬಿಡಬೇಡಿ. ಎದುರು ವಕೀಲರ ಬಗ್ಗೆ ಅವರು ಹೇಗೆ ಮಾತಾಡುತ್ತಾರೆ ಅಂತಲೂ ಗಮನಿಸಿ. "ಅವರು ಗಟ್ಟಿ ವಕೀಲರು, ನಾವು ಚೆನ್ನಾಗಿ ತಯಾರಾಗಬೇಕು" ಅಂದರೆ, ಆ ಮನುಷ್ಯ ರಾತ್ರಿ ಕೂತು ಫೈಲು ಓದುತ್ತಾರೆ.

ಆ ಅಜ್ಜನ ಕೇಸು ಆಮೇಲೆ ರಾಜಿಯಲ್ಲಿ ಮುಗಿಯಿತು. ರಾಜಿ ಪತ್ರಕ್ಕೆ ಸಹಿ ಹಾಕಲು ಬಂದ ದಿನವೂ ಅವರು ನನಗೆ ಕೈ ಮುಗಿದರು. ನನಗೆ ತಲೆ ಎತ್ತಲು ಆಗಲಿಲ್ಲ. ಕ್ಷಮೆ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ. ಅಷ್ಟರಲ್ಲಿ ಅವರು ಮಗನ ತೋಳು ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು.

ಈಗ ವಯಸ್ಸಾದವರು ಯಾರೇ ಕಟಕಟೆ ಹತ್ತಲಿ, ಎದುರು ಕಡೆಯವರೇ ಆಗಿರಲಿ, ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. "ನನ್ನ ಮಾತು ಸರಿಯಾಗಿ ಕೇಳಿಸ್ತಿದೆಯಾ?" ಅಂತ. ಅವರು ಉತ್ತರ ಹೇಳುವವರೆಗೆ ಕಾಯುತ್ತೇನೆ.