ನಿಮ್ಮ ಮಣ್ಣು ಬೆಚ್ಚಗಾಯ್ತಾ?

ಎಲ್ಲರಿಗೂ ನಮಸ್ಕಾರ.

ಚಳಿ ಮುಗಿಯುತ್ತಾ ಬಂದಾಗ ತೋಟ ಮಾಡುವ ಇಬ್ಬರು ಎದುರಾದರೆ ಏನು ಮಾತಾಡುತ್ತಾರೆ ಅಂತ ನಿಮಗೆಲ್ಲ ಗೊತ್ತು. "ನಿನ್ನೆ ರಾತ್ರಿ ನಿಮ್ಮ ಕಡೆ ಎಷ್ಟು ಡಿಗ್ರಿ ಇತ್ತು?" "ಟೊಮೆಟೊ ಸಸಿ ಹೊರಗೆ ಇಟ್ರಾ?" "ಬಟಾಣಿ ಹುಟ್ತಾ?" ಪಕ್ಕದಲ್ಲಿ ನಿಂತು ಕೇಳುವವರಿಗೆ ಇದು ಹೊತ್ತು ಕಳೆಯುವ ಮಾತು. ನನಗೆ ಮಾತ್ರ ವರ್ಷದ ಬೆಳೆಯ ಅರ್ಧ ತೀರ್ಮಾನ ಈ ಪುಟ್ಟ ಪ್ರಶ್ನೆಗಳಲ್ಲೇ ಇದೆ ಅನ್ನಿಸುತ್ತದೆ. ಅದರಲ್ಲೂ ಒಂದು ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ. ನಿಮ್ಮ ಮಣ್ಣು ಬೆಚ್ಚಗಾಯ್ತಾ? ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

ಇದನ್ನು ನನಗೆ ಕಲಿಸಿದ್ದು ಬೀನ್ಸ್. ಒಂದು ವಸಂತದಲ್ಲಿ ಐದು ದಿನ ಒಂದೇ ಸಮ ಬಿಸಿಲು ಬಂತು. ಮಧ್ಯಾಹ್ನ ಸ್ವೆಟರ್ ತೆಗೆದಿಟ್ಟು ಕೆಲಸ ಮಾಡುವಷ್ಟು ಹಿತವಾಗಿತ್ತು. ಚಳಿ ಹೋಯಿತು ಅಂದುಕೊಂಡು ಎರಡು ಸಾಲು ಬೀನ್ಸ್ ಊರಿದೆ. ಚೆನ್ನಾಗಿ ನೀರೂ ಕೊಟ್ಟೆ. ಹನ್ನೆರಡು ದಿನವಾದರೂ ಒಂದೂ ಮೇಲೆ ಬರಲಿಲ್ಲ. ಬೆರಳಿನಿಂದ ಮಣ್ಣು ಸರಿಸಿ ಒಂದು ಬೀಜ ಎತ್ತಿದೆ. ಊದಿಕೊಂಡಿತ್ತು. ಹಿಡಿದರೆ ಸಿಪ್ಪೆ ಜಾರಿ ಕೈಗೆ ಬಂತು. ಒಳಗಿನ ಬೇಳೆ ಬೂದು ಬಣ್ಣಕ್ಕೆ ತಿರುಗಿತ್ತು. ಒತ್ತಿದರೆ ನೆಂದ ಹಿಟ್ಟಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಹುಳಿ ವಾಸನೆ ಬೇರೆ. ಪಕ್ಕದ ತೋಟದ ಹಿರಿಯರೊಬ್ಬರು ಬೇಲಿಯ ಆಚೆಯಿಂದ ನೋಡುತ್ತಿದ್ದರು. "ಬಿಸಿಲು ಬಂದಿದ್ದು ನಿಜ ಕಣಪ್ಪಾ. ಮಣ್ಣು ಮುಟ್ಟಿ ನೋಡಿದ್ಯಾ?" ಅಂದರು. ಬೆರಳನ್ನು ಪೂರ್ತಿ ಒಳಗೆ ತೂರಿಸಿದೆ. ರಾತ್ರಿಯಿಡೀ ಹೊರಗಿಟ್ಟ ಕೊಡದ ನೀರಿನ ಹಾಗೆ ತಣ್ಣಗಿತ್ತು. ಮಾರನೇ ದಿನ ಬೆಳಿಗ್ಗೆ ಥರ್ಮಾಮೀಟರ್ ಚುಚ್ಚಿದರೆ 9 ಡಿಗ್ರಿ.

ಆಗಿದ್ದೇನು ಅಂತ ನೋಡೋಣ. ಬೀಜ ಒಣಗಿರುವಾಗ ಅದರ ಜೀವಕೋಶಗಳ ಪೊರೆ ಸುಕ್ಕುಗಟ್ಟಿಕೊಂಡಿರುತ್ತದೆ. ನೀರು ಹೀರಿಕೊಳ್ಳುವ ಮೊದಲ ಕೆಲವು ಗಂಟೆಗಳಲ್ಲಿ ಆ ಪೊರೆ ಮತ್ತೆ ಬಿಚ್ಚಿಕೊಂಡು ಸರಿಯಾಗಿ ಕೂರಬೇಕು. ಬೀನ್ಸ್‌ನಂಥ ಬೆಚ್ಚಗಿನ ಕಾಲದ ಬೀಜಕ್ಕೆ ಆ ಹೊತ್ತಿನಲ್ಲಿ ತಣ್ಣೀರು ಸಿಕ್ಕಿದರೆ ಪೊರೆ ಕೂರುವುದಿಲ್ಲ, ಬಿರುಕು ಬಿಡುತ್ತದೆ. ಒಳಗಿನ ಸಕ್ಕರೆ, ಸಾರ ಎಲ್ಲ ಸುತ್ತಲಿನ ಮಣ್ಣಿಗೆ ಸೋರುತ್ತದೆ. ಪಿಥಿಯಂ ಎಂಬ ಕೊಳೆ ರೋಗದ ಜೀವಿಗೆ ಇದೇ ಹಬ್ಬದೂಟ. ಅದು ಬೀಜಕ್ಕೆ ಮುತ್ತಿಕೊಳ್ಳುತ್ತದೆ. ನನ್ನ ಕೈಗೆ ಬಂದದ್ದು ಅದರ ಉಳಿಕೆ. ಬೀಜ ಕೆಟ್ಟದ್ದು ಅಂತ ಕೊಟ್ಟವರನ್ನು ದೂರುತ್ತೇವಲ್ಲ, ಎಷ್ಟೋ ಸಲ ಬೀಜ ಚೆನ್ನಾಗೇ ಇರುತ್ತದೆ. ಊರಿದ ಮೊದಲ ದಿನದಲ್ಲೇ ಅದು ಸತ್ತಿರುತ್ತದೆ.

ಗಾಳಿ ಬೇಗ ಕಾಯುತ್ತದೆ, ಮಣ್ಣು ನಿಧಾನಕ್ಕೆ ಕಾಯುತ್ತದೆ. ಇಷ್ಟು ನೆನಪಿದ್ದರೆ ವಸಂತದ ಅರ್ಧ ನಷ್ಟ ತಪ್ಪುತ್ತದೆ. ಒದ್ದೆ ಮಣ್ಣಂತೂ ಇನ್ನೂ ನಿಧಾನ. ತೂಕಕ್ಕೆ ತೂಕ ನೋಡಿದರೆ, ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಣ ಮಣ್ಣಿಗೆ ಬೇಕಾದ ಶಾಖದ ಸುಮಾರು 5 ಪಟ್ಟು ಬೇಕು. ಅದರ ಮೇಲೆ ನೀರು ಆವಿಯಾಗುವಾಗಲೂ ಶಾಖ ಹೋಗುತ್ತದೆ. ಮರಳು ಮಣ್ಣಿನವರು ಮೊದಲು ಬಿತ್ತುವುದು, ಜೇಡಿ ಮಣ್ಣಿನವರು ಕಾಯುವುದು ಇದಕ್ಕೇ. ಏರುಮಡಿ ಬೇಗ ಬೆಚ್ಚಗಾಗುವುದೂ ಇದಕ್ಕೇ, ನೀರು ಬೇಗ ಬಸಿದು ಹೋಗುತ್ತದೆ. ಚಳಿಗಾಲಕ್ಕೆ ಅಂತ ಪಾತಿಯ ಮೇಲೆ ಒಣಹುಲ್ಲು, ತರಗೆಲೆ ಹೊದಿಸಿದ್ದರೆ ಬಿತ್ತುವ ಎರಡು ಮೂರು ವಾರ ಮೊದಲೇ ಬದಿಗೆ ಸರಿಸಿ. ಆ ಹೊದಿಕೆ ಬಿಸಿಲನ್ನು ಮಣ್ಣಿಗೆ ತಲುಪಲು ಬಿಡುವುದಿಲ್ಲ.

ಎಷ್ಟು ಬೆಚ್ಚಗಿರಬೇಕು? ಇದನ್ನು ಕೂತು ಅಳೆದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿ ಒಂದೊಂದು ತರಕಾರಿ ಬೀಜವನ್ನೂ ಬೇರೆ ಬೇರೆ ಉಷ್ಣಾಂಶದಲ್ಲಿಟ್ಟು, ಸಸಿ ಮೇಲೆ ಬರಲು ಎಷ್ಟು ದಿನ ಬೇಕು ಅಂತ ಎಣಿಸಿದರು. ಟೊಮೆಟೊದ ಲೆಕ್ಕ ನೋಡಿ. 10 ಡಿಗ್ರಿಯಲ್ಲಿ ಸುಮಾರು 43 ದಿನ. 15 ಡಿಗ್ರಿಯಲ್ಲಿ 14 ದಿನ. 20 ಡಿಗ್ರಿಯಲ್ಲಿ 8. 25 ಡಿಗ್ರಿಯಲ್ಲಿ 6. ಹತ್ತರಿಂದ ಹದಿನೈದಕ್ಕೆ ಬರೀ ಐದು ಡಿಗ್ರಿ ಏರಿದರೆ ಒಂದು ತಿಂಗಳು ಉಳಿಯಿತು! ಈರುಳ್ಳಿ ಬೀಜ 0 ಡಿಗ್ರಿಯಲ್ಲೂ ಹುಟ್ಟುತ್ತದೆ, ಆದರೆ ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯುತ್ತದೆ. 25 ಡಿಗ್ರಿಯಲ್ಲಾದರೆ ನಾಲ್ಕು ದಿನ ಸಾಕು. ಹಾಗಾಗಿ ಎರಡು ವಾರ ಮುಂಚೆ ಬಿತ್ತಿದವರು ಎರಡು ವಾರ ಮುಂದೆ ಇರುತ್ತಾರೆ ಅಂತೇನಿಲ್ಲ. ತಡವಾಗಿ ಬಿತ್ತಿದ ಪಾತಿಯೇ ಎಷ್ಟೋ ಸಲ ಮುಂದೆ ಹೋಗುತ್ತದೆ. ನಾನು ನನ್ನ ಕಣ್ಣಾರೆ ನೋಡಿದ್ದೇನೆ.

ಅಳೆಯುವುದು ಕಷ್ಟವಲ್ಲ. ಬೀಜ ಬೀಳುವ ಆಳಕ್ಕೆ, ಅಂದರೆ ಸುಮಾರು 5 ಸೆಂಟಿಮೀಟರ್, ಥರ್ಮಾಮೀಟರ್ ಚುಚ್ಚಿ. ಬೆಳಿಗ್ಗೆಯೇ ನೋಡಿ, ಮಧ್ಯಾಹ್ನದ ಅಂಕಿ ಆಸೆ ಹುಟ್ಟಿಸುತ್ತದೆ. ಸತತ ಮೂರು ನಾಲ್ಕು ದಿನ ನೋಡಿ. ಬೆಳಿಗ್ಗೆ 5 ಡಿಗ್ರಿ ದಾಟಿದ್ದರೆ ಬಟಾಣಿ, ಪಾಲಕ್, ಲೆಟ್ಯೂಸ್, ಮೂಲಂಗಿ ಹಾಕಬಹುದು. ಬೀನ್ಸ್‌ಗೆ 15, 16 ಬೇಕು. ಸೌತೆ, ಕುಂಬಳದ ಜಾತಿಗೆ 18 ದಾಟಲಿ. ಲೆಟ್ಯೂಸ್‌ದು ಉಲ್ಟಾ ಸ್ವಭಾವ. ಮಣ್ಣು 30 ಡಿಗ್ರಿ ಹತ್ತಿರ ಬಂದರೆ ಅದರ ಬೀಜ ಹುಟ್ಟದೆ ಸುಮ್ನೆ ಮಲಗಿಬಿಡುತ್ತದೆ. ಅದಕ್ಕೇ ಅದನ್ನು ತಡ ಮಾಡಬೇಡಿ, ಆಳಕ್ಕೂ ಹಾಕಬೇಡಿ. ಬೆಳಕು ತಾಕಿದರೆ ಅದು ಚೆನ್ನಾಗಿ ಹುಟ್ಟುತ್ತದೆ.

ಬಿಸಿಯಷ್ಟೇ ಸಾಲದು, ಹದವೂ ಬೇಕು. ನಮ್ಮ ಭಾಷೆಯಲ್ಲಿ ಹದ ಅನ್ನುವ ಮಾತು ಎಷ್ಟು ಚೆನ್ನಾಗಿದೆ ನೋಡಿ. ನೀರು, ಗಾಳಿ, ಮಣ್ಣಿನ ಮೆದುತನ ಎಲ್ಲ ಸೇರಿದ ಒಂದು ಸ್ಥಿತಿಗೆ ಒಂದೇ ಪದ. ನೋಡುವ ರೀತಿ ಹಳೆಯದು. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ಕೈ ಬಿಚ್ಚಿ ಹೆಬ್ಬೆರಳಿನಿಂದ ಉಂಡೆಯನ್ನು ಮೆಲ್ಲಗೆ ತಟ್ಟಿ. ಪುಡಿಪುಡಿಯಾಗಿ ಉದುರಿದರೆ ಹದ ಬಂದಿದೆ. ಬೆರಳಿನ ಗುರುತು ಬಿದ್ದು ಉಂಡೆ ಹಾಗೇ ಕೂತರೆ, ಹೊಳಪು ಕಂಡರೆ, ಗುದ್ದಲಿ ಮತ್ತೆ ಗೋಡೆಗೆ ಒರಗಿಸಿ. ಒದ್ದೆಯಲ್ಲಿ ಅಗೆದು ತುಳಿದ ಜೇಡಿ ಮಣ್ಣು ಒಣಗಿದಾಗ ಇಟ್ಟಿಗೆಯ ಹಾಗಾಗುತ್ತದೆ. ಬೇರಿಗೆ ಗಾಳಿ ಸಿಗದೆ ಆ ವರ್ಷವೆಲ್ಲ ಗಿಡ ನರಳುತ್ತದೆ.

ಇನ್ನು ಎಲ್ಲರೂ ಹೆದರುವ ಫ್ರಾಸ್ಟ್. ಎಲೆಯ ಮೇಲೆ ಬಿಳಿ ಹರಳು ಕೂತು, ಬೆಳಿಗ್ಗೆ ಬಿಸಿಲಿಗೆ ಗಿಡ ಕಪ್ಪಾಗಿ ಜೋಲು ಬೀಳುತ್ತದಲ್ಲ, ಅದು. ಮೋಡ ಇಲ್ಲದ, ಗಾಳಿ ಇಲ್ಲದ, ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿ ಬಂದರೆ ಎಚ್ಚರವಾಗಿರಿ. ಅಂಥ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ, ತಡೆಯಲು ಮೋಡದ ಹೊದಿಕೆ ಇಲ್ಲ. ಹವಾಮಾನದವರು ಅಳೆಯುವುದು ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲೆ. ಅಲ್ಲಿ 2 ಅಥವಾ 3 ಡಿಗ್ರಿ ಇರುವಾಗಲೇ ನಿಮ್ಮ ಸಸಿಯ ಎಲೆ ಸೊನ್ನೆಗೆ ಇಳಿದಿರಬಹುದು. ತಣ್ಣನೆ ಗಾಳಿ ಭಾರ. ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಒಂದೇ ಬೀದಿಯ ಮೇಲಿನ ಮನೆಯವರು "ನಮಗೇನೂ ಆಗಲಿಲ್ಲ" ಅನ್ನುವುದು, ಕೆಳಗಿನವರು ಎಲ್ಲ ಕಳೆದುಕೊಳ್ಳುವುದು ಇದರಿಂದಲೇ. ಇಬ್ಬರ ಮಾತೂ ನಿಜ.

ಕೊನೆಯ ಫ್ರಾಸ್ಟ್ ದಿನ ಅಂತ ಒಂದು ತಾರೀಖು ಕೊಡುತ್ತಾರೆ. ಅದು ಹೆಚ್ಚಾಗಿ ಸರಾಸರಿ. ಹೆಚ್ಚುಕಡಿಮೆ ಎರಡು ವರ್ಷಕ್ಕೆ ಒಂದು ಸಲ ಆ ದಿನ ಕಳೆದ ಮೇಲೂ ಫ್ರಾಸ್ಟ್ ಬರುತ್ತದೆ ಅಂತ ಅದರ ಅರ್ಥ. ಟೊಮೆಟೊ, ಮೆಣಸಿನ ಸಸಿಯನ್ನು ಆ ನಂಬಿಕೆಯ ಮೇಲೆ ಹೊರಗೆ ಬಿಡಬೇಡಿ. ಆಗಲೇ ನೆಟ್ಟಿದ್ದರೆ ಸಂಜೆ ಒಂದು ಹಳೇ ಬೆಡ್‌ಶೀಟ್ ಹೊದಿಸಿ. ಅಂಚು ನೆಲ ಮುಟ್ಟಬೇಕು, ಏಕೆಂದರೆ ನಾವು ಹಿಡಿದಿಡುವುದು ನೆಲದಿಂದ ಏಳುವ ಶಾಖವನ್ನು. ಗಿಡದ ಸುತ್ತ ಮಾತ್ರ ಸೀರೆ ಸುತ್ತಿದ ಹಾಗೆ ಸುತ್ತಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಮರೆಯದೆ ತೆಗೆಯಿರಿ.

ಮನೆಯೊಳಗೆ ಬೆಳೆಸಿದ ಸಸಿಯನ್ನು ಒಂದೇ ಸಲ ಬಿಸಿಲಿಗಿಡಬಾರದು ಅಂತ ನಿಮಗೆ ಗೊತ್ತು. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನಾ ಸ್ವಲ್ಪ ಜಾಸ್ತಿ. ವಾರ, ಹತ್ತು ದಿನ ಹೀಗೆ ಮಾಡಿ. ನನಗೆ ತುಂಬ ಇಷ್ಟವಾದ ಇನ್ನೊಂದು ಕೆಲಸ ಇದೆ. ದಿನಕ್ಕೆ ಎರಡು ಸಲ ಸಸಿಗಳ ತುದಿಯ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸಿ, ಮಗುವಿನ ತಲೆ ಸವರಿದ ಹಾಗೆ. ಗಾಳಿ ಬೀಸಿದಂತೆ ಅದಕ್ಕೆ ಅನ್ನಿಸುತ್ತದೆ. ಉದ್ದಕ್ಕೆ ಹೋಗುವುದನ್ನು ಬಿಟ್ಟು ಕಾಂಡ ದಪ್ಪ ಮಾಡಿಕೊಳ್ಳುತ್ತದೆ. ಮುಟ್ಟಿದರೆ ಗಿಡ ಹೀಗೆ ಬದಲಾಗುವುದಕ್ಕೆ ಮಾರ್ಡೆಕಾಯ್ ಜಾಫ್ ಎಂಬ ವಿಜ್ಞಾನಿ 1973ರಲ್ಲಿ ಒಂದು ಉದ್ದನೆಯ ಹೆಸರನ್ನೂ ಕೊಟ್ಟರು. ಆ ಸಂಜೆ ನಿಮ್ಮ ಕೈಯಲ್ಲಿ ಟೊಮೆಟೊ ಎಲೆಯ ವಾಸನೆ ಉಳಿಯುತ್ತದೆ. ನನಗೆ ವಸಂತ ಅಂದರೆ ಆ ವಾಸನೆ.

ನಿಮ್ಮಲ್ಲಿ ಒಂದು ಕೇಳಿಕೆ ಇದೆ. ನಾವು ಆಡುವ ಈ ಮಾತನ್ನು ಬರೆದಿಡಿ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಅನ್ನುವವರು 1736ರಲ್ಲಿ ಬರೆಯಲು ಶುರು ಮಾಡಿದರು. ಮೊದಲ ಕಪ್ಪೆ ವಟಗುಟ್ಟಿದ್ದು ಯಾವತ್ತು, ಯಾವ ಮರ ಯಾವತ್ತು ಚಿಗುರಿತು, ಇಷ್ಟೇ. ಅವರ ನಂತರ ಮನೆಯವರು ಮುಂದುವರಿಸಿ 1958ರವರೆಗೆ ಬರೆದರು. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂವು ಅರಳಿದ ದಿನದ ಲೆಕ್ಕ ಕ್ರಿ.ಶ. 812ರಿಂದ ಸಿಗುತ್ತದೆ, ಹಳೆಯ ಡೈರಿ, ದಾಖಲೆಗಳಿಂದ ಹೆಕ್ಕಿದ್ದು. ನಡುವೆ ಕೆಲವು ವರ್ಷ ಇಲ್ಲ. 2021ರಲ್ಲಿ ಮಾರ್ಚ್ 26ಕ್ಕೇ ಅಲ್ಲಿ ಹೂವು ತುಂಬಿ ನಿಂತಿತು. ಆ ದಾಖಲೆಯಲ್ಲಿ ಅಷ್ಟು ಬೇಗ ಹಿಂದೆಂದೂ ಆಗಿರಲಿಲ್ಲ. ಹೂವಿನ ಆಸೆಗೆ ಬರೆದಿಟ್ಟವರಿಂದ ಇವತ್ತು ಭೂಮಿ ಬಿಸಿಯಾಗುತ್ತಿರುವುದು ನಮಗೆ ಕಾಣುತ್ತಿದೆ.

ಬೇಗ ಬೆಚ್ಚಗಾದರೆ ಒಳ್ಳೆಯದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅದೇ 2021ರಲ್ಲಿ ಫ್ರಾನ್ಸ್‌ನಲ್ಲಿ ಮಾರ್ಚ್ ಕೊನೆ ಬೇಸಿಗೆಯ ಹಾಗಿತ್ತು. ದ್ರಾಕ್ಷಿ, ಹಣ್ಣಿನ ಮರ ಎಲ್ಲ ಬೇಗ ಚಿಗುರಿದವು. ಏಪ್ರಿಲ್ ಮೊದಲ ವಾರ ಫ್ರಾಸ್ಟ್ ಬಂತು. ರೈತರು ರಾತ್ರಿಯೆಲ್ಲ ಸಾಲುಗಳ ನಡುವೆ ಬೆಂಕಿ ಹಚ್ಚಿ ಕೂತರು. ಆದರೂ ದೊಡ್ಡ ನಷ್ಟವಾಯಿತು. ಚಿಗುರು ಮುಂದೆ ಬಂತು, ಫ್ರಾಸ್ಟ್ ಹಿಂದೆ ಸರಿಯಲಿಲ್ಲ. ಅಜ್ಜಿ ತಾತಂದಿರ ಕಾಲದ ತಾರೀಖುಗಳನ್ನು ಹಾಗೇ ನಂಬಿ ಬಿತ್ತುವ ಕಾಲ ಹೋಗುತ್ತಿದೆ. ಅದು ನನಗೆ ನಿಜವಾಗಿ ಸಂಕಟದ ವಿಷಯ. ಅವರು ಮಣ್ಣು ಮುಟ್ಟಿ ನೋಡುತ್ತಿದ್ದ ರೀತಿಯನ್ನಾದರೂ ನಾವು ಉಳಿಸಿಕೊಳ್ಳಬಹುದು.

ನನ್ನ ನೋಟ್‌ಬುಕ್‌ನ ಈ ವಾರದ ಪುಟ ಓದಿಬಿಡುತ್ತೇನೆ. ಸೋಮವಾರ, ಬೆಳಿಗ್ಗೆ ಮಣ್ಣು 10. ಬಟಾಣಿ ನಾಲ್ಕು ಎಲೆ, ಬಳ್ಳಿಗೆ ಕಡ್ಡಿ ಕೊಟ್ಟೆ. ಬುಧವಾರ, ಮಳೆ, ಮಣ್ಣು ಮತ್ತೆ 9. ಪಾಲಕ್ ಒತ್ತಾಗಿತ್ತು, ನಡುನಡುವೆ ಕಿತ್ತೆ. ಶುಕ್ರವಾರ, ಮಣ್ಣು 11. ಟೊಮೆಟೊ ಹಗಲು ಹೊರಗೆ, ರಾತ್ರಿ ಒಳಗೆ. ಬೀನ್ಸ್ ಇನ್ನೂ ಡಬ್ಬಿಯಲ್ಲಿದೆ.

ಈಗ ನೀವು ಹೇಳಿ, ನಿಮ್ಮ ಕಡೆ ಎಷ್ಟಿದೆ?